ಅಮಚ್ಯನ ಮುಕ್ಕಾಲು ಹೃದಯ

ನೈಟ್ ಶಿಫ್ಟ್ ಮುಗಿಸಿ ಹಾಗೇ ನೇರವಾಗಿ ಬಂದಿರೋ ಮಕ್ಕಳು ಇದೀರಿ, ನಿಮ್ಮ ಕಣ್ಣು ನೋಡಿದ್ರೆ ಗೊತ್ತಾಗುತ್ತೆ. ಕರ್ತನು ನಿಮ್ಮನ್ನು ಬಲಪಡಿಸಲಿ. ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ.

ಬೈಬಲ್ ತೆಗೆಯಿರಿ. ಎರಡನೇ ಪೂರ್ವಕಾಲವೃತ್ತಾಂತ, 25ನೇ ಅಧ್ಯಾಯ. ಮೊಬೈಲ್‌ನಲ್ಲಿ ತೆಗೆಯೋರು ಮೊದಲು ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ತೆಗೆಯಿರಿ. ಇಡೀ ಅಧ್ಯಾಯ ಇವತ್ತು ನಮ್ಮ ಪಾಠ. ಕಥೆಯನ್ನು ನಾನು ನನ್ನ ಮಾತಿನಲ್ಲಿ ಹೇಳ್ತಾ ಹೋಗ್ತೀನಿ, ನೀವು ವಚನದ ಮೇಲೆ ಬೆರಳಿಟ್ಟು ನೋಡ್ತಾ ಬನ್ನಿ.

ಅಮಚ್ಯ ಯೆಹೂದದ ಅರಸನಾದಾಗ ಅವನಿಗೆ ಎಷ್ಟು ವಯಸ್ಸು? ಮೊದಲನೇ ವಚನ ನೋಡಿ. 25. ಇಲ್ಲಿ ಕೂತಿರೋ ಅರ್ಧ ಜನರ ವಯಸ್ಸು! ಯೆರೂಸಲೇಮಿನಲ್ಲಿ 29 ವರ್ಷ ಆಳಿದನು. ಎರಡನೇ ವಚನದಲ್ಲಿ ಅವನ ಇಡೀ ಜೀವನದ ರಿಪೋರ್ಟ್ ಕಾರ್ಡ್ ಇದೆ. ದೇವರ ದೃಷ್ಟಿಯಲ್ಲಿ ಸರಿಯಾದದ್ದನ್ನೇ ಮಾಡಿದ ಅಂತ ಮೊದಲ ಅರ್ಧದಲ್ಲಿ ಇದೆ. ಆಹಾ, ಎಂಥಾ ಸಾಕ್ಷಿ! ಆದರೆ ವಾಕ್ಯ ಅಲ್ಲಿಗೆ ನಿಲ್ಲಲ್ಲ. ಪೂರ್ಣಹೃದಯದಿಂದ ಮಾಡಲಿಲ್ಲ ಅಂತ ಎರಡನೇ ಅರ್ಧ ಹೇಳುತ್ತೆ.

ಪ್ರಿಯರೇ, ಈ ವಚನ ನನ್ನನ್ನು ಬಹಳ ದಿನದಿಂದ ಹಿಡಿದುಕೊಂಡಿದೆ. ಕೆಟ್ಟವನು ಕೆಟ್ಟದ್ದು ಮಾಡಿದ ಅಂದ್ರೆ ನಮಗೆ ಅರ್ಥ ಆಗುತ್ತೆ. ಇವನು ಹಾಗಲ್ಲ. ಸರಿಯಾದದ್ದನ್ನೇ ಮಾಡಿದ. ಆದರೂ ಏನೋ ಕಡಿಮೆ ಇತ್ತು. ಹೊರಗಿನವರಿಗೆ ಕಾಣದ, ದೇವರಿಗೆ ಮಾತ್ರ ಕಂಡ ಒಂದು ಕಡಿಮೆ.

ಪೂರ್ಣಹೃದಯ ಅಂದ್ರೆ ಏನು?

ಇಬ್ರಿಯ ಭಾಷೆಯಲ್ಲಿ ಇಲ್ಲಿರೋ ಪದ ‘ಶಾಲೇಮ್’. ನಮಗೆಲ್ಲ ಗೊತ್ತಿರೋ ‘ಶಾಲೋಮ್’ ಇದೆಯಲ್ಲ, ಅದೇ ಮೂಲದಿಂದ ಬಂದ ಪದ. ಇಡಿಯಾಗಿರೋದು, ಒಡಕು ಇಲ್ಲದ್ದು ಅಂತ ಅರ್ಥ. ಇದೇ ಪದ ಬೈಬಲಿನಲ್ಲಿ ಇನ್ನೊಂದು ಕಡೆ ಬರುತ್ತೆ, ಅದನ್ನು ನೋಡಿದ್ರೆ ನಿಮಗೆ ಆಶ್ಚರ್ಯ ಆಗಬಹುದು. ಧರ್ಮೋಪದೇಶಕಾಂಡ 25ನೇ ಅಧ್ಯಾಯ, 13ರಿಂದ 15. ಅಲ್ಲಿ ಮೋಶೆ ವ್ಯಾಪಾರದ ಬಗ್ಗೆ ಮಾತಾಡ್ತಾನೆ. ನಿನ್ನ ಚೀಲದಲ್ಲಿ ಎರಡು ಥರದ ತೂಕದ ಕಲ್ಲು ಇರಬಾರದು, ಕೊಳ್ಳುವಾಗ ಒಂದು, ಮಾರುವಾಗ ಒಂದು ಇಟ್ಟುಕೊಳ್ಳಬೇಡ, ನಿನ್ನ ಕಲ್ಲು ಪೂರ್ತಿ ತೂಕದ್ದಾಗಿರಲಿ ಅನ್ನೋದು ಅದರ ತಾತ್ಪರ್ಯ. ಆ ‘ಪೂರ್ತಿ ತೂಕ’ ಅನ್ನೋ ಜಾಗದಲ್ಲಿ ಇರೋದು ಇದೇ ಪದ.

ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಸಂತೆಯಲ್ಲಿ ತೂಕದ ಬಟ್ಟಿನ ಕೆಳಗೆ ಕೊರೆದು ಹಗುರ ಮಾಡಿರೋ ವ್ಯಾಪಾರಿಗಳ ಕಥೆ ಅವರಿಗೆ ಗೊತ್ತಿರುತ್ತೆ. ಮೇಲೆ ‘1 ಕೆಜಿ’ ಅಂತ ಬರೆದಿರುತ್ತೆ. ಬಣ್ಣ ಅದೇ, ಆಕಾರ ಅದೇ. ಒಳಗೆ ಮಾತ್ರ ಟೊಳ್ಳು. ಒಂಬೈನೂರು ಗ್ರಾಮ್ ಇದ್ದರೂ ಅದು ಸಾವಿರ ಅಂತ ಹೇಳ್ಕೊಳ್ಳುತ್ತೆ.

ಪೂರ್ಣಹೃದಯ ಅಂದ್ರೆ ದೊಡ್ಡ ಹೃದಯ ಅಲ್ಲ. ಪಾಪವೇ ಮಾಡದ ಹೃದಯವೂ ಅಲ್ಲ. ದಾವೀದನ ಹೃದಯ ದೇವರ ಕಡೆಗೆ ಪೂರ್ಣವಾಗಿತ್ತು ಅಂತ ಮೊದಲನೇ ಅರಸುಗಳು 11:4 ಹೇಳುತ್ತೆ. ದಾವೀದ ಬಿದ್ದದ್ದು ನಮಗೆಲ್ಲ ಗೊತ್ತು. ಆದರೆ ಬಿದ್ದಾಗ, ಬಿದ್ದೆ ಅಂತ ಒಪ್ಪಿಕೊಂಡ. ದೇವರಿಗೆ ಬಾಗಿಲು ಮುಚ್ಚಿದ ಕೋಣೆಯೊಂದನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ಪೂರ್ಣಹೃದಯ ಅಂದ್ರೆ ಮೇಲೆ ಏನು ಬರೆದಿದೆಯೋ ಅದೇ ತೂಕ ಒಳಗೂ ಇರೋದು. ‘ಯೇಸು ನನ್ನ ಕರ್ತನು’ ಅಂತ ಮೇಲೆ ಬರೆದಿದ್ರೆ, ಒಳಗೂ ಅಷ್ಟೇ ತೂಕ ಇರಬೇಕು. ಆಮೆನ್ ಅಲ್ವಾ?

ನೂರು ತಲಾಂತಿನ ಪ್ರಶ್ನೆ

ಈಗ ಕಥೆಗೆ ಬರೋಣ. ಅಮಚ್ಯ ಎದೋಮ್ಯರ ಮೇಲೆ ಯುದ್ಧಕ್ಕೆ ಹೊರಡ್ತಾನೆ. 20 ವರ್ಷ ಮೇಲ್ಪಟ್ಟವರನ್ನು ಲೆಕ್ಕ ಹಾಕಿದ್ರೆ 3 ಲಕ್ಷ ಜನ ಸಿಕ್ಕರು. ಅವನಿಗೆ ಸಾಲಲಿಲ್ಲ. ಉತ್ತರದ ಇಸ್ರಾಯೇಲ್ ರಾಜ್ಯದಿಂದ 1 ಲಕ್ಷ ಸೈನಿಕರನ್ನು ಬಾಡಿಗೆಗೆ ತಂದ. ಇವತ್ತಿನ ಭಾಷೆಯಲ್ಲಿ ಕಾಂಟ್ರ್ಯಾಕ್ಟ್ ಸ್ಟಾಫ್. ಅದಕ್ಕೆ 100 ತಲಾಂತು ಬೆಳ್ಳಿ ಅಡ್ವಾನ್ಸ್ ಕೊಟ್ಟುಬಿಟ್ಟ. ಒಂದು ತಲಾಂತು ಅಂದ್ರೆ ಸುಮಾರು 34 ಕೆಜಿ. ನೂರು ತಲಾಂತು ಅಂದ್ರೆ 3 ಟನ್‌ಗೂ ಹೆಚ್ಚು ಬೆಳ್ಳಿ!

ಆಗ ಒಬ್ಬ ದೇವರ ಮನುಷ್ಯ ಬರ್ತಾನೆ. ಅರಸನೇ, ಈ ಸೈನ್ಯ ನಿನ್ನ ಜೊತೆ ಬರಬಾರದು, ದೇವರು ಅವರ ಜೊತೆಯಲ್ಲಿಲ್ಲ ಅಂತ ಎಚ್ಚರಿಸ್ತಾನೆ. ಅಮಚ್ಯ ಏನು ಕೇಳಿದ? ಒಂಬತ್ತನೇ ವಚನ. ಹಾಗಾದ್ರೆ ನಾನು ಕೊಟ್ಟಿರೋ ನೂರು ತಲಾಂತಿನ ಗತಿ ಏನು ಅಂತ ಕೇಳಿದ.

ನನಗೆ ಈ ಪ್ರಶ್ನೆ ಇಷ್ಟ. ಯಾಕಂದ್ರೆ ಇದು ಸುಳ್ಳು ಭಕ್ತಿಯ ಪ್ರಶ್ನೆ ಅಲ್ಲ, ಲೆಕ್ಕ ಇಟ್ಟಿರೋ ಮನುಷ್ಯನ ಪ್ರಶ್ನೆ. ದೇವರ ಮನುಷ್ಯ ಅವನನ್ನು ಗದರಲಿಲ್ಲ. ಅದಕ್ಕಿಂತ ಹೆಚ್ಚು ಕೊಡೋದಕ್ಕೆ ದೇವರು ಶಕ್ತನು ಅಂತ ಹೇಳಿದ, ಅಷ್ಟೇ. ಯಾವಾಗ ಕೊಡ್ತಾನೆ, ಎಷ್ಟು ಕೊಡ್ತಾನೆ, ಯಾವ ರೂಪದಲ್ಲಿ ಕೊಡ್ತಾನೆ, ಒಂದೂ ಹೇಳಲಿಲ್ಲ. ಶಕ್ತನು ಅಂದ. ಅದರ ಮೇಲೆ ನೀನು ನಿಲ್ಲಬಲ್ಲೆಯಾ ಅನ್ನೋದೇ ಪ್ರಶ್ನೆ.

ಒಬ್ಬ ಹುಡುಗನ ವಿಷಯ ಹೇಳ್ತೀನಿ. ಹೆಸರು, ಊರು ಏನೂ ಹೇಳಲ್ಲ, ಅವನ ಅನುಮತಿ ತಗೊಂಡೇ ಹೇಳ್ತಿದ್ದೀನಿ. ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದ. ಪಿ.ಜಿ.ಯಲ್ಲಿ ನಾಲ್ಕು ಜನ ಒಂದು ರೂಮ್. ಒಂದೂವರೆ ವರ್ಷ ಇಂಟರ್‌ವ್ಯೂ ಮೇಲೆ ಇಂಟರ್‌ವ್ಯೂ. ಎಲ್ಲಾ ಕಡೆ ಒಂದೇ ಪ್ರಶ್ನೆ, ‘ಎಕ್ಸ್‌ಪೀರಿಯನ್ಸ್ ಎಷ್ಟಿದೆ?’ ಕೊನೆಗೆ ರೂಮ್‌ಮೇಟ್ ಒಬ್ಬ ದಾರಿ ತೋರಿಸಿದ. ದುಡ್ಡು ಕೊಟ್ರೆ ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್, ಸ್ಯಾಲರಿ ಸ್ಲಿಪ್, ಎಲ್ಲಾ ರೆಡಿ. ಊರಲ್ಲಿ ಅಪ್ಪ ಸಾಲ ಮಾಡಿ ದುಡ್ಡು ಕಳಿಸಿದ್ರು, ಯಾವುದಕ್ಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಆ ಲೆಟರ್ ತೋರಿಸಿ ಕೆಲಸ ಸಿಕ್ಕಿತು. ಸೋಮವಾರ ಜಾಯಿನಿಂಗ್. ಶನಿವಾರ ರಾತ್ರಿ ನನಗೆ ಫೋನ್ ಮಾಡಿದ.

‘ಪಾಸ್ಟರ್, ಭಾನುವಾರ ಆರಾಧನೆಯಲ್ಲಿ ಕೀಬೋರ್ಡ್ ನುಡಿಸ್ತೀನಿ. ಸೋಮವಾರ ಈ ಲೆಟರ್ ಹಿಡ್ಕೊಂಡು ಹೋಗಬೇಕು. ಎರಡೂ ಒಂದೇ ಕೈ ಪಾಸ್ಟರ್’ ಅಂದ.

ನಾನು ಅವನಿಗೆ ಈ ಅಧ್ಯಾಯ ಓದೋಕೆ ಹೇಳಿದೆ. ಅರ್ಧ ಗಂಟೆ ಆದಮೇಲೆ ಮತ್ತೆ ಫೋನ್ ಮಾಡಿ ಅಮಚ್ಯನ ಪ್ರಶ್ನೆಯನ್ನೇ ಕೇಳಿದ. ‘ಕೊಟ್ಟಿರೋ ದುಡ್ಡು? ಅಪ್ಪನ ಸಾಲ?’

ನಾನು ಸುಲಭದ ಉತ್ತರ ಕೊಡಲಿಲ್ಲ. ಕೆಲಸ ಬಿಡು, ನಾಳೆಯೇ ಡಬಲ್ ಸಂಬಳದ ಕೆಲಸ ಬರುತ್ತೆ ಅಂತ ಪ್ರವಾದನೆ ಹೇಳೋ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ದೇವರು ಶಕ್ತನು, ನಾವು ನಿನ್ನ ಜೊತೆ ಇರ್ತೀವಿ ಅಂದೆ. ಆ ಹುಡುಗ ಸೋಮವಾರ ಮೇಲ್ ಹಾಕಿ ಆಫರ್ ಬೇಡ ಅಂದ. ಊರಿಗೆ ಹೋಗಿ ಅಪ್ಪನ ಹತ್ರ ನಿಜ ಹೇಳಿದ. ಅಪ್ಪ ಎರಡು ದಿನ ಮಾತಾಡಲಿಲ್ಲವಂತೆ. ಈಗ ಒಂದು ಚಿಕ್ಕ ಕಂಪನಿಯಲ್ಲಿ ಫ್ರೆಶರ್ ಆಗಿ ಇದ್ದಾನೆ. ಸಂಬಳ ಮೊದಲ ಆಫರ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸಾಲ ಇನ್ನೂ ತೀರಿಲ್ಲ, ಪ್ರತಿ ತಿಂಗಳು ಕಟ್ತಾ ಇದ್ದಾನೆ. ಆದರೆ ಕೀಬೋರ್ಡ್ ಮುಂದೆ ಕೂತಾಗ ಆ ಕೈಯಲ್ಲಿ ನಡುಕ ಇಲ್ಲ. ಪೂರ್ತಿ ತೂಕದ ಕಲ್ಲು ಅಂದ್ರೆ ಇದೇ. ಹಲ್ಲೆಲೂಯಾ!

ಅಮಚ್ಯನೂ ಆ ದಿನ ಪಾಸಾದ. ಇದನ್ನು ಗಮನಿಸಿ. 3 ಟನ್ ಬೆಳ್ಳಿ ಹೋದರೆ ಹೋಗಲಿ ಅಂತ ಸೈನ್ಯವನ್ನು ವಾಪಸ್ ಕಳಿಸಿದ. ಸಿಟ್ಟಿನಿಂದ ಹೋದ ಆ ಸೈನಿಕರು ಯೆಹೂದದ ಊರುಗಳ ಮೇಲೆ ಬಿದ್ದು 3,000 ಜನರನ್ನು ಕೊಂದು ದೋಚಿಕೊಂಡು ಹೋದರು ಅಂತ 13ನೇ ವಚನ ಹೇಳುತ್ತೆ. ವಿಧೇಯನಾದ ಮೇಲೆ ಎಲ್ಲಾ ಸುಸೂತ್ರವಾಗಿ ಆಗಲಿಲ್ಲ. ಪೆಟ್ಟು ಬಿತ್ತು. ಆದರೂ ಉಪ್ಪಿನ ತಗ್ಗಿನಲ್ಲಿ ದೇವರು ಅವನಿಗೆ ಜಯ ಕೊಟ್ಟನು.

ಹಾಗಾದ್ರೆ ಪೂರ್ಣಹೃದಯ ಇಲ್ಲ ಅಂತ ವಾಕ್ಯ ಯಾಕೆ ಹೇಳುತ್ತೆ? ಇಷ್ಟು ದೊಡ್ಡ ತ್ಯಾಗ ಮಾಡಿದವನಿಗೆ ಏನು ಕಡಿಮೆ ಇತ್ತು?

ಟ್ರೋಫಿ ದೇವರಾದ ದಿನ

14ನೇ ವಚನ. ಯುದ್ಧ ಗೆದ್ದು ಮನೆಗೆ ಬರುವಾಗ ಅವನ ಲಗೇಜಿನಲ್ಲಿ ಏನಿತ್ತು? ಸೋತ ಸೇಯೀರಿನವರ ದೇವರುಗಳು. ಅವನ್ನು ತಂದು, ತನಗೆ ದೇವರುಗಳಾಗಿ ನಿಲ್ಲಿಸಿ, ಅವುಗಳಿಗೆ ಅಡ್ಡಬಿದ್ದು, ಧೂಪ ಹಾಕಿದ.

ಯಾಕೆ ತಂದ? ವಾಕ್ಯ ಕಾರಣ ಕೊಡಲ್ಲ. ಆದರೆ ಆ ಕಾಲದಲ್ಲಿ ಸೋತ ಜನರ ವಿಗ್ರಹಗಳನ್ನು ಹೊತ್ತುಕೊಂಡು ಬರೋದು ಗೆದ್ದ ಅರಸರ ವಾಡಿಕೆ. ಅಶ್ಶೂರದ ಅರಸರು ಅದನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸ್ತಿದ್ರು. ಅದು ಗೆಲುವಿನ ಗುರುತು, ಟ್ರೋಫಿ. ಎಲ್ಲಾ ಅರಸರೂ ಮಾಡ್ತಿದ್ದದ್ದನ್ನೇ ಇವನೂ ಮಾಡಿದ. ಟ್ರೋಫಿ ಮನೆಯೊಳಗೆ ಬಂತು, ಶೋಕೇಸ್ ಮೇಲೆ ಕೂತಿತು. ಆಮೇಲೆ ಮೊಣಕಾಲು ಅದರ ಮುಂದೆ ಬಗ್ಗಿತು.

ತಮ್ಮಂದಿರೇ, ತಂಗಿಯರೇ, ಇವತ್ತು ಒಂದೇ ಒಂದು ಮಾತು ಮನೆಗೆ ತಗೊಂಡು ಹೋಗೋದಾದ್ರೆ ಇದನ್ನು ತಗೊಂಡು ಹೋಗಿ. ಲೋಕ ನಮ್ಮ ಹೃದಯಕ್ಕೆ ವಿಗ್ರಹವಾಗಿ ಬರಲ್ಲ. ವಿಗ್ರಹ ಅಂತ ಬೋರ್ಡ್ ಹಾಕಿಕೊಂಡು ಬಂದ್ರೆ ನಾವು ಬಾಗಿಲಲ್ಲೇ ತಡೀತೀವಿ. ಅದು ಟ್ರೋಫಿಯಾಗಿ ಬರುತ್ತೆ. ದೇವರು ಕೊಟ್ಟ ಜಯದ ದಿನವೇ ಬರುತ್ತೆ. ಸಾಕ್ಷಿಯ ರೂಪದಲ್ಲೂ ಬರುತ್ತೆ.

ಉಪವಾಸ ಇದ್ದು ಪ್ರಾರ್ಥಿಸಿದ ಕೆಲಸ ಸಿಕ್ತು. ಸ್ಟೇಜ್ ಮೇಲೆ ಬಂದು ಅಳ್ತಾ ಸಾಕ್ಷಿ ಹೇಳಿದೆ. ಆರು ತಿಂಗಳಲ್ಲಿ ಆ ಕೆಲಸವೇ ನಿನ್ನ ಬೆಳಗಿನ ಜಾವವನ್ನೂ, ನಿನ್ನ ನಿದ್ದೆಯನ್ನೂ, ನಿನ್ನ ಸತ್ಯವನ್ನೂ ಕೇಳ್ತಾ ಇದೆ. ಕೇಳಿದ್ರೆ ‘ದೇವರು ಕೊಟ್ಟ ಕೆಲಸ ಅಲ್ವಾ ಪಾಸ್ಟರ್’ ಅಂತೀಯ. ಹೌದು, ಜಯ ದೇವರು ಕೊಟ್ಟದ್ದೇ. ಅಮಚ್ಯನಿಗೂ ದೇವರೇ ಕೊಟ್ಟದ್ದು. ಅದರ ಮುಂದೆ ಅಡ್ಡಬೀಳು ಅಂತ ದೇವರು ಹೇಳಲಿಲ್ಲ.

ವೀಸಾ ಬಂತು. ಮನೆ ಕೊಂಡ್ಕೊಂಡೆ, ಇಎಂಐ ಶುರುವಾಯ್ತು. ಆರಾಧನೆ ಹಾಡಿನ ರೀಲ್ ಹಾಕಿದೆ, ಸಾವಿರಾರು ಜನ ನೋಡಿದ್ರು. ಒಂದು ಸಂಬಂಧ ಕೂಡಿ ಬಂತು. ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ಪಾಪ ಅಲ್ಲ. ಆದರೆ ಶೋಕೇಸ್‌ನಿಂದ ಸಿಂಹಾಸನಕ್ಕೆ ಎಷ್ಟು ದೂರ? ಒಂದೇ ಹೆಜ್ಜೆ. ಆ ಹೆಜ್ಜೆ ಇಡುವಾಗ ಸದ್ದು ಕೇಳಿಸಲ್ಲ.

ಆಗ ದೇವರು ಪ್ರವಾದಿಯನ್ನು ಕಳಿಸಿ ಒಂದು ಪ್ರಶ್ನೆ ಕೇಳಿಸಿದ, 15ನೇ ವಚನ. ತಮ್ಮ ಸ್ವಂತ ಜನರನ್ನೇ ನಿನ್ನ ಕೈಯಿಂದ ಬಿಡಿಸಲಾಗದ ದೇವರುಗಳನ್ನು ನೀನು ಯಾಕೆ ಹುಡುಕಿಕೊಂಡು ಹೋಗ್ತೀಯ? ಎಂಥಾ ಪ್ರಶ್ನೆ ನೋಡಿ! ಆ ದೇವರುಗಳು ಸೋತದ್ದನ್ನು ನೀನೇ ಕಣ್ಣಾರೆ ನೋಡಿದೀಯಲ್ಲ!

ನೀವೂ ನೋಡಿದೀರಿ. 2022ರ ಕೊನೆಯಿಂದ 2023ರವರೆಗೆ ಜಗತ್ತಿನ ದೊಡ್ಡ ದೊಡ್ಡ ಟೆಕ್ ಕಂಪನಿಗಳಲ್ಲಿ ಒಂದು ಇಮೇಲ್‌ನಿಂದ ಸಾವಿರಾರು ಜನರ ಕೆಲಸ ಹೋದದ್ದನ್ನು ನೋಡಿದೀರಿ. ಐಡಿ ಕಾರ್ಡನ್ನೇ ತನ್ನ ಗುರುತು ಅಂದುಕೊಂಡವನಿಗೆ ಆ ಬೆಳಿಗ್ಗೆ ಲಾಗಿನ್ ಆಗಲಿಲ್ಲ. ಪ್ಯಾಕೇಜ್ ಇದ್ದೂ ನಿದ್ದೆ ಇಲ್ಲದ ಟೀಮ್ ಲೀಡ್ ನಿಮ್ಮ ಪಕ್ಕದ ಡೆಸ್ಕ್‌ನಲ್ಲೇ ಇದ್ದಾನೆ. ಆ ದೇವರು ಅವನನ್ನು ಬಿಡಿಸಲಿಲ್ಲ. ನಿನ್ನನ್ನು ಬಿಡಿಸುತ್ತಾ?

ಇಲ್ಲಿ ಅಮಚ್ಯನ ಉತ್ತರ ಕೇಳಿ, ಪ್ರಿಯರೇ. ಮೊದಲ ಸಲ ದೇವರ ಮನುಷ್ಯ ಬಂದಾಗ ಅವನು ಪ್ರಶ್ನೆ ಕೇಳಿದ, ಉತ್ತರ ಕೇಳಿಸಿಕೊಂಡ, ವಿಧೇಯನಾದ. ಎರಡನೇ ಸಲ ಪ್ರವಾದಿ ಮಾತು ಮುಗಿಸೋದಕ್ಕೂ ಬಿಡಲಿಲ್ಲ. ನಿನ್ನನ್ನು ನನ್ನ ಸಲಹೆಗಾರನಾಗಿ ನೇಮಿಸಿದವರು ಯಾರು, ಬಾಯಿ ಮುಚ್ಚು, ಇಲ್ಲದಿದ್ರೆ ಏಟು ತಿಂತೀಯ ಅಂತ ಗದರಿದ. ಅರಸ ಅದೇ, ಅವನಿಗೆ ಬಂದ ಮಾತು ಅದೇ ದೇವರದ್ದು. ಕಿವಿ ಮಾತ್ರ ಬದಲಾಗಿತ್ತು.

ಹಣ ಬಿಡು ಅಂದಾಗ ಬಿಟ್ಟ. ಟ್ರೋಫಿ ಮುಟ್ಟಿದಾಗ ಸಿಡಿದ. ಹೃದಯದ ಟೊಳ್ಳು ಜಾಗ ಎಲ್ಲಿದೆ ಅಂತ ಅಲ್ಲಿ ಗೊತ್ತಾಯ್ತು. ದೇವರಿಗೆ ಎಷ್ಟು ಕೊಟ್ಟಿದ್ದೀವಿ ಅನ್ನೋದರಿಂದ ಪೂರ್ಣಹೃದಯ ಗೊತ್ತಾಗಲ್ಲ. ಯಾವುದನ್ನು ಮುಟ್ಟಿದ್ರೆ ಸಿಡೀತೀವಿ ಅನ್ನೋದರಿಂದ ಗೊತ್ತಾಗುತ್ತೆ.

ಒಡೆದ ಗೋಡೆ

ಮುಂದಿನದ್ದು ದುಃಖದ ಕಥೆ. ಜಯ ತಲೆಗೇರಿ ಅಮಚ್ಯ ಇಸ್ರಾಯೇಲಿನ ಅರಸನನ್ನು ಯುದ್ಧಕ್ಕೆ ಕರೆದ. ಆ ಅರಸ ಒಂದು ಸಾಮ್ಯ ಹೇಳಿ ಕಳಿಸಿದ. ಲೆಬನೋನಿನ ಒಂದು ಮುಳ್ಳುಗಿಡ ದೇವದಾರು ಮರದ ಹತ್ರ ಹೋಗಿ, ನಿನ್ನ ಮಗಳನ್ನು ನನ್ನ ಮಗನಿಗೆ ಕೊಡು ಅಂತ ಕೇಳಿತಂತೆ. ಅಷ್ಟರಲ್ಲಿ ಒಂದು ಕಾಡುಮೃಗ ಆ ದಾರಿಯಲ್ಲಿ ಹೋಗ್ತಾ ಮುಳ್ಳುಗಿಡವನ್ನು ತುಳಿದುಹಾಕಿತಂತೆ. ಮನೆಯಲ್ಲೇ ಇರು, ಸುಮ್ಮನೆ ಯಾಕೆ ಕೇಡು ತಂದುಕೊಳ್ತೀಯ ಅಂತ ಅವನು ಎಚ್ಚರಿಸಿದ. ಅಮಚ್ಯ ಕೇಳಲಿಲ್ಲ.

ಬೇತ್‌ಷೆಮೆಷಿನಲ್ಲಿ ಸೋತ. ಸೆರೆ ಸಿಕ್ಕ. ಗೆದ್ದವನು ಯೆರೂಸಲೇಮಿಗೆ ಬಂದು ಎಫ್ರಾಯೀಮಿನ ಬಾಗಿಲಿನಿಂದ ಮೂಲೆಯ ಬಾಗಿಲಿನವರೆಗೆ 400 ಮೊಳ ಗೋಡೆ ಕೆಡವಿದ. 400 ಮೊಳ ಅಂದ್ರೆ ಸುಮಾರು 180 ಮೀಟರ್. ನಮ್ಮ ಮೆಟ್ರೋದ ಆರು ಬೋಗಿಯ ರೈಲಿಗಿಂತ ಉದ್ದ. ಅಷ್ಟು ಉದ್ದದ ಗೋಡೆ ಇಲ್ಲ ಅಂದ್ರೆ ಪಟ್ಟಣಕ್ಕೆ ರಕ್ಷಣೆ ಇಲ್ಲ. ದೇವಾಲಯದ ಬೆಳ್ಳಿ ಬಂಗಾರ, ಅರಮನೆಯ ಭಂಡಾರ, ಒತ್ತೆಯಾಳುಗಳು, ಎಲ್ಲಾ ಹೋಯ್ತು. ಒಮ್ಮೆ ದೇವರಿಗಾಗಿ ನೂರು ತಲಾಂತು ಬಿಟ್ಟವನು ಈಗ ಟ್ರೋಫಿಗಾಗಿ ದೇವಾಲಯದ ಭಂಡಾರವನ್ನೇ ಕಳ್ಕೊಂಡ. ಇದು ಯಾಕಾಯ್ತು ಅಂತ 20ನೇ ವಚನ ಹೇಳುತ್ತೆ, ಅವರು ಎದೋಮಿನ ದೇವರುಗಳನ್ನು ಹುಡುಕಿದ್ದರಿಂದ.

ಇನ್ನೊಂದು ವಚನ ಇದೆ, 25. ಗೆದ್ದ ಆ ಅರಸ ಸತ್ತ ಮೇಲೂ ಅಮಚ್ಯ 15 ವರ್ಷ ಬದುಕಿದ. ಹದಿನೈದು ವರ್ಷ! ತಿರುಗಿಕೊಳ್ಳೋದಕ್ಕೆ ಸಮಯ ಇತ್ತು. ಆದರೆ ಆ ವರ್ಷಗಳಲ್ಲಿ ಅವನು ವಿಗ್ರಹ ತೆಗೆದ, ಅತ್ತ, ಪ್ರಾರ್ಥಿಸಿದ ಅಂತ ಈ ಅಧ್ಯಾಯದಲ್ಲಿ ಒಂದು ಸಾಲೂ ಇಲ್ಲ. ಒಳಸಂಚು, ಲಾಕೀಷಿಗೆ ಓಡಿಹೋದದ್ದು, ಅಲ್ಲೇ ಕೊಲೆಯಾದದ್ದು. ಅಷ್ಟೇ.

ಸ್ವಲ್ಪ ಹಿಂದಿನ ಅಧ್ಯಾಯ ನೋಡಿದ್ರೆ ಅವನ ಅಪ್ಪ ಯೋವಾಷನ ಕಥೆಯೂ ಹಾಗೇ. ಯಾಜಕನಾದ ಯೆಹೋಯಾದ ಬದುಕಿರೋವರೆಗೆ ಚೆನ್ನಾಗಿದ್ದ, ಅವನು ಸತ್ತ ಮೇಲೆ ದೇವಾಲಯವನ್ನೇ ಬಿಟ್ಟ. ಸಾಲ ತಂದ ನಂಬಿಕೆ. ಇಲ್ಲಿ ಎರಡನೇ ತಲೆಮಾರಿನ ವಿಶ್ವಾಸಿಗಳು ತುಂಬಾ ಜನ ಇದೀರಿ. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥಿಸ್ತಾರೆ ಅಂತ ನಿನ್ನ ಹೃದಯ ಪೂರ್ತಿ ತೂಕ ಆಗಲ್ಲ. ಪಿ.ಜಿ. ರೂಮಿನಲ್ಲಿ ಅಮ್ಮ ಇಲ್ಲದಾಗ ಮೇಲೆ ಬರೆದಿರೋದಕ್ಕೂ ಒಳಗಿನ ತೂಕಕ್ಕೂ ಸರಿಹೊಂದುತ್ತಾ? ಅದು ನಿನ್ನ ನಂಬಿಕೆ.

ಗ್ಯಾಪ್ ಬಿಡದ ಕಾಲೇಬ್

ಈಗ ಇನ್ನೊಬ್ಬನನ್ನು ನೋಡೋಣ. ಯೆಹೋಶುವ 14ನೇ ಅಧ್ಯಾಯ, ಕಾಲೇಬ್. ಗೂಢಚಾರನಾಗಿ ಹೋದಾಗ ಅವನಿಗೆ 40 ವರ್ಷ. ಹನ್ನೆರಡು ಜನರಲ್ಲಿ ಹತ್ತು ಜನ ಆಗಲ್ಲ ಅಂದ್ರು. ಯೆಹೋಶುವನೂ ಕಾಲೇಬನೂ ಆಗುತ್ತೆ ಅಂದ್ರು. ತಪ್ಪು ಬೇರೆಯವರದ್ದು, ಅರಣ್ಯದಲ್ಲಿ ಅಲೆದಾಟ ಇವನಿಗೂ ಬಂತು. 45 ವರ್ಷ ಕಳೀತು. 85ನೇ ವಯಸ್ಸಿನಲ್ಲಿ ಏನು ಕೇಳಿದ ಗೊತ್ತಾ? ಸುಲಭದ ಬಯಲು ಸೀಮೆ ಕೇಳಲಿಲ್ಲ. ಎತ್ತರದ ಅನಾಕ್ಯರು ಇರೋ ಬೆಟ್ಟವನ್ನೇ ಕೇಳಿದ. ಹೆಬ್ರೋನ್ ಅವನಿಗೆ ಸಿಕ್ತು.

ಕಾಲೇಬನು ದೇವರನ್ನು ಸಂಪೂರ್ಣವಾಗಿ ಹಿಂಬಾಲಿಸಿದ ಅನ್ನೋ ಸಾಕ್ಷಿ ಬೈಬಲಿನಲ್ಲಿ ಒಂದಲ್ಲ, ಹಲವು ಸಲ ಬರುತ್ತೆ. ಆ ಮಾತಿನ ಇಬ್ರಿಯ ರೂಪವನ್ನು ಅಕ್ಷರಶಃ ಹೇಳಿದ್ರೆ, ದೇವರ ಹಿಂದೆ ‘ತುಂಬಿಸಿದ’ ಅಂತ ಆಗುತ್ತೆ. ಹಿಂದೆ ತುಂಬಿಸೋದು ಅಂದ್ರೆ ಏನು? ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಂಜೆ ಏಳು ಗಂಟೆಗೆ ನಿಂತು ನೋಡಿ, ಅರ್ಥ ಆಗುತ್ತೆ. ಮುಂದಿನ ಗಾಡಿಗೂ ನಿಮಗೂ ಮಧ್ಯೆ ಎರಡು ಅಡಿ ಜಾಗ ಬಿಡಿ, ಒಂದು ಸ್ಕೂಟರ್ ನುಗ್ಗುತ್ತೆ. ಇನ್ನೂ ಸ್ವಲ್ಪ ಬಿಡಿ, ಆಟೋ ನುಗ್ಗುತ್ತೆ. ಆಮೇಲೆ ಮುಂದಿನ ಗಾಡಿ ಕಾಣೋದೇ ಇಲ್ಲ. ಯಾರೂ ನಿಮ್ಮನ್ನು ಬೇರೆ ದಾರಿಗೆ ಎಳೆಯಲಿಲ್ಲ. ನೀವೇ ಗ್ಯಾಪ್ ಬಿಟ್ರಿ.

ಕಾಲೇಬ್ ಗ್ಯಾಪ್ ಬಿಡಲಿಲ್ಲ. ಅಮಚ್ಯ ಬಿಟ್ಟ. ಇಬ್ಬರ ನಡುವಿನ ವ್ಯತ್ಯಾಸ ಪ್ರತಿಭೆ ಅಲ್ಲ, ತ್ಯಾಗದ ಗಾತ್ರ ಅಲ್ಲ. ಒಬ್ಬನು ಜಯ ಆದ ಮೇಲೂ ಹತ್ತಿರವೇ ಇದ್ದ. ಇನ್ನೊಬ್ಬ ಜಯ ಆದ ಮೇಲೆ ಹಿಂದೆ ಉಳಿದ.

ಹಾಗಾದ್ರೆ ಕೆಲಸ ಬಿಡಬೇಕಾ?

ಈ ಪ್ರಶ್ನೆ ನಿಮ್ಮ ಮನಸ್ಸಲ್ಲಿ ಇದೆ ಅಂತ ನನಗೆ ಗೊತ್ತು. ಪಾಸ್ಟರ್, ಎಷ್ಟು ಬಿಡಬೇಕು?

ಮಾರ್ಕ 10ರಲ್ಲಿ ಒಬ್ಬ ಐಶ್ವರ್ಯವಂತನಿಗೆ ಯೇಸು ಎಲ್ಲವನ್ನೂ ಮಾರಿ ಬಡವರಿಗೆ ಕೊಡೋಕೆ ಹೇಳಿದನು. ಲೂಕ 19ರಲ್ಲಿ ಜಕ್ಕಾಯ ಅರ್ಧ ಆಸ್ತಿ ಕೊಡ್ತೀನಿ, ಮೋಸ ಮಾಡಿದ್ದನ್ನು ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಯೇಸು ಉಳಿದ ಅರ್ಧ ಎಲ್ಲಿ ಅಂತ ಕೇಳಲಿಲ್ಲ, ಅವತ್ತೇ ಆ ಮನೆಗೆ ರಕ್ಷಣೆ ಬಂತು ಅಂದನು. ಅಪೊಸ್ತಲರ ಕೃತ್ಯಗಳು 16ರಲ್ಲಿ ಲುದ್ಯ ಬೆಲೆಬಾಳುವ ಧೂಮ್ರವರ್ಣದ ವಸ್ತ್ರ ಮಾರೋ ವ್ಯಾಪಾರಿ. ವ್ಯಾಪಾರ ಬಿಡು ಅಂತ ಪೌಲ ಹೇಳಿದ್ದು ಅಲ್ಲಿಲ್ಲ. ಅವಳು ಮನೆಯ ಬಾಗಿಲು ತೆರೆದಳು. ಒಬ್ಬನಿಗೆ ಎಲ್ಲಾ, ಒಬ್ಬನಿಗೆ ಅರ್ಧ, ಒಬ್ಬಳಿಗೆ ಮನೆ. ಅಳತೆ ಬೇರೆ ಬೇರೆ, ಕರ್ತನು ಮಾತ್ರ ಒಬ್ಬನೇ. ಅವನು ಕೈ ಇಟ್ಟ ಜಾಗದಲ್ಲಿ ‘ಇದು ಬೇಡ ಕರ್ತನೇ’ ಅಂತೀಯೋ, ‘ಇದೂ ನಿನ್ನದೇ’ ಅಂತೀಯೋ, ಅಷ್ಟೇ ಪ್ರಶ್ನೆ.

ಇನ್ನೊಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಊರಲ್ಲಿರೋ ಅಪ್ಪ ಅಮ್ಮನಿಗೆ ಔಷಧಿಗೆ ದುಡ್ಡು ಕಳಿಸೋದಕ್ಕೆ ಓವರ್‌ಟೈಮ್ ಮಾಡೋ ತಂಗಿ ಇಲ್ಲಿದ್ದಾಳೆ. ಬುಧವಾರದ ಕೂಟಕ್ಕೆ ಬರೋಕೆ ಆಗಲಿಲ್ಲ ಅಂತ ಅವಳ ಹೃದಯ ಅರ್ಧ ಅಂತ ಯಾರೂ ತೀರ್ಪು ಮಾಡಬೇಡಿ. ತಂದೆತಾಯಿಗೆ ಕೊಡಬೇಕಾದದ್ದನ್ನು ದೇವರಿಗೆ ಮೀಸಲು ಅಂತ ಹೇಳಿ ತಪ್ಪಿಸಿಕೊಂಡವರನ್ನು ಯೇಸು ಮಾರ್ಕ 7ರಲ್ಲಿ ಖಂಡಿಸಿದನು. ಪೂರ್ಣಹೃದಯ ಅಂದ್ರೆ ಸಭೆಯ ಅಟೆಂಡೆನ್ಸ್ ಅಲ್ಲ. ಪ್ರತಿ ಕೂಟಕ್ಕೂ ಬಂದು, ಅನ್ಯಭಾಷೆಯಲ್ಲಿ ಮಾತಾಡಿ, ಮಾರನೇ ದಿನ ಆಫೀಸಿನಲ್ಲಿ ಸುಳ್ಳು ಬಾಡಿಗೆ ರಸೀದಿ ಕೊಡೋರೂ ಇದ್ದಾರೆ. ಎರಡು ಥರದ ತೂಕದ ಕಲ್ಲು ಒಂದೇ ಚೀಲದಲ್ಲಿ. ಬೇಡ ಪ್ರಿಯರೇ, ಬೇಡ.

ಈ ವಾರ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳಿ. ಒಂದು, ಯಾವ ವಿಷಯದ ಬಗ್ಗೆ ಯಾರಾದ್ರೂ ಕೇಳಿದ್ರೆ ನನಗೆ ಅಮಚ್ಯನ ಥರ ಸಿಟ್ಟು ಬರುತ್ತೆ? ಎರಡು, ದೇವರು ಕೊಟ್ಟ ಯಾವ ಜಯ ಈಗ ನನ್ನಿಂದ ಕಾಣಿಕೆ ಕೇಳ್ತಾ ಇದೆ? ಮೂರು, ಯಾವ ‘ನೂರು ತಲಾಂತು’ ಹೋಗುತ್ತೆ ಅಂತ ಹೆದರಿ ನಾನು ವಿಧೇಯತೆಯನ್ನು ಮುಂದೆ ಹಾಕ್ತಾ ಇದೀನಿ? ಉತ್ತರ ಬರೆದು ನಂಬಿಕಸ್ತನಾದ ಒಬ್ಬ ವಿಶ್ವಾಸಿಗೆ ತೋರಿಸಿ. ಯಾರಿಗೂ ತೋರಿಸದ ಕೋಣೆಗೆ ಬೀಗ ಒಳಗಿನಿಂದಲೇ ಬಿದ್ದಿರುತ್ತೆ.

ಹೃದಯವನ್ನು ಒಂದು ಮಾಡುವವನು

ಕೊನೆಗೆ ಒಂದು ಮಾತು. ಒಡೆದ ಹೃದಯವನ್ನು ನಾವೇ ಅಂಟಿಸಿಕೊಳ್ಳೋಕೆ ಆಗಲ್ಲ. ದಾವೀದ 86ನೇ ಕೀರ್ತನೆಯ 11ನೇ ವಚನದಲ್ಲಿ ನಾನು ಹೃದಯವನ್ನು ಒಂದು ಮಾಡ್ತೀನಿ ಅಂತ ಹೇಳಲ್ಲ, ನೀನೇ ಒಂದು ಮಾಡು ಅಂತ ದೇವರನ್ನು ಬೇಡ್ತಾನೆ. ಯೆಹೆಜ್ಕೇಲ 36ರಲ್ಲಿ ಹೊಸ ಹೃದಯ ಕೊಡ್ತೀನಿ ಅಂತ ಮಾತು ಕೊಡುವವನು ದೇವರೇ. ಗೆತ್ಸೇಮನೆಯಲ್ಲಿ ಬೆವರು ಸುರಿಸ್ತಾ, ನನ್ನ ಚಿತ್ತ ಬೇಡ ಅಂತ ತಂದೆಗೆ ಒಪ್ಪಿಸಿಕೊಟ್ಟ ಒಂದೇ ಒಂದು ಪೂರ್ತಿ ತೂಕದ ಹೃದಯ ಇದೆ. ಅದು ಯೇಸುವಿನದು. ಅವನು ನಮ್ಮ ಟೊಳ್ಳನ್ನು ನೋಡಿ ಕಲ್ಲನ್ನು ಬಿಸಾಡಲ್ಲ. ತನ್ನ ಆತ್ಮನಿಂದ ಅದನ್ನು ತುಂಬಿಸ್ತಾನೆ. ಪವಿತ್ರಾತ್ಮನ ತುಂಬುವಿಕೆ ಅಂದ್ರೆ ಆರಾಧನೆಯ ರೋಮಾಂಚನ ಮಾತ್ರ ಅಲ್ಲ, ಖಾಲಿ ಬಿಟ್ಟಿದ್ದ ಕೋಣೆಗೆ ಅವನು ಬರೋದು.

ಅಮಚ್ಯನ ಹದಿನೈದು ವರ್ಷ ಹಾಗೇ ಹೋಯ್ತು. ನಿಮ್ಮಲ್ಲಿ ಕೆಲವರಿಗೆ ಈಗ 25 ವರ್ಷ. ಇವತ್ತು ಸಾಕು. ಇವತ್ತೇ ಆಗಬಹುದು.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ತಂದೆಯೇ, ನಾವು ತಂದಿಟ್ಟುಕೊಂಡ ಟ್ರೋಫಿಗಳನ್ನು ನೀನು ಬಲ್ಲೆ. ಯಾವುದನ್ನು ಕೆಳಗಿಳಿಸಬೇಕೋ ಅದನ್ನು ತೋರಿಸು. ನೂರು ತಲಾಂತಿಗೆ ಹೆದರಿರೋ ತಮ್ಮನಿಗೆ, ತಂಗಿಗೆ ನೀನು ಶಕ್ತನು ಅನ್ನೋ ಭರವಸೆ ಕೊಡು. ನಾಳೆ ಆಫೀಸಿಗೆ ಹೋಗಿ ಸತ್ಯ ಹೇಳಬೇಕಾದವರ ನಾಲಿಗೆಗೆ ಬಲ ಕೊಡು. ನಿನಗೂ ನಮಗೂ ಮಧ್ಯೆ ಬಿಟ್ಟಿರೋ ಗ್ಯಾಪ್ ಅನ್ನು ನಿನ್ನ ಆತ್ಮನಿಂದ ತುಂಬಿಸು. ಹೃದಯವನ್ನು ಒಂದು ಮಾಡು ಕರ್ತನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಪ್ರಾರ್ಥನೆ ಬೇಕಾದವರು ಇಲ್ಲೇ ಮುಂದೆ ಬನ್ನಿ. ಯಾರೂ ಆತುರದಲ್ಲಿ ಹೊರಡಬೇಡಿ. ಕರ್ತನ ಸಮಾಧಾನ ನಿಮ್ಮ ಜೊತೆ ಇರಲಿ.